ಗಾಳಿ ನಿಲ್ಲಬೇಕು

ಜೂನ್ 16, 2024, ಭಾನುವಾರ

ರಾಜಾಜಿನಗರದಲ್ಲಿ ರಾಮಮಂದಿರದ ಹತ್ತಿರ ಇನ್ನೊಂದು ಹಳೇ ಮನೆ ಕೆಡವುತ್ತಿದ್ದಾರೆ. ನಮ್ಮ ಬ್ಯಾಂಕಿನ ಸಹೋದ್ಯೋಗಿಯೊಬ್ಬರ ತಾತ ಕಟ್ಟಿಸಿದ್ದ ಮನೆ. ಅಟ್ಟ ಖಾಲಿ ಮಾಡುವಾಗ ಹಂಡೆ, ಒನಕೆ, ತುಕ್ಕು ಹಿಡಿದ ಟ್ರಂಕುಗಳ ಜೊತೆ ಒಂದು ಏರ್ ಪಿಸ್ತೂಲೂ ಸಿಕ್ಕಿತಂತೆ. "ನಮ್ಮನೇಲಿ ಯಾರಿಗೂ ಬೇಡ, ನೀವಾದ್ರೆ ನೋಡ್ಕೋತೀರ" ಅಂದರು. ಅವರ ಕೈಯಲ್ಲೇ ಒಂದು ಕಾಗದ ಬರೆಸಿಕೊಂಡೆ: ಯಾರಿಂದ ಯಾರಿಗೆ, ಯಾವ ದಿನ, ನಳಿಗೆಯ ಅಳತೆ ಎಷ್ಟು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ನಳಿಗೆಯ, 20 ಜೂಲ್ ದಾಟದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಆದರೂ ಏರ್ ಪಿಸ್ತೂಲು ರಿಪೇರಿ ಮಾಡಿ ಹೊಡೆಯುವ ನಮ್ಮ ಭಾನುವಾರದ ಗುಂಪಿನಲ್ಲಿ ಕಾಗದವಿಲ್ಲದ ಪಿಸ್ತೂಲು ಒಂದೂ ಇಲ್ಲ. ಗುಂಪಿನ ರಾಯರು ಹಾಕಿಕೊಟ್ಟ ಶಿಸ್ತು ಅದು.

ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಒಯ್ದೆ. ನಳಿಗೆಯನ್ನು ಕೆಳಕ್ಕೆ ಬಾಗಿಸಿ ಕಾಕ್ ಮಾಡುವ ಬಗೆ. ಹಿಡಿ ಮರದ್ದು, ಬೆರಳು ಕೂರುವ ಕಡೆ ಸವೆದು ನುಣ್ಣಗಾಗಿದೆ. ತಯಾರಕರ ಹೆಸರಿದ್ದ ಜಾಗವನ್ನು ಯಾರೋ ಎಂದೋ ಎಮರಿ ಕಾಗದ ಹಾಕಿ ಉಜ್ಜಿಬಿಟ್ಟಿದ್ದಾರೆ. ಎಷ್ಟು ಹುಡುಕಿದರೂ ಒಂದು ಅಕ್ಷರ ಸಿಗಲಿಲ್ಲ.

ಶೆಡ್ಡು ಮೂವತ್ತು–ನಲವತ್ತರ ಸೈಟಿನಲ್ಲಿದೆ. ಹತ್ತು ಮೀಟರ್ ಅಂದರೆ ಮೂವತ್ತಮೂರು ಅಡಿಗೆ ಎರಡೇ ಅಂಗುಲ ಕಮ್ಮಿ. ಹಿಂದಿನ ಗೋಡೆಗೆ ಪೆಲೆಟ್ ಟ್ರ್ಯಾಪ್ ಇಟ್ಟು, ಈ ಕಡೆ ಮನುಷ್ಯ ನಿಂತರೆ, ಬೆನ್ನ ಹಿಂದೆ ಒಂದು ಸ್ಟೂಲಿಗೆ ಮಾತ್ರ ಜಾಗ. ನಾಲ್ಕು ಲೇತ್ ಇದ್ದ ಶೆಡ್ಡಿನಲ್ಲಿ ಈಗ ಉಳಿದಿರುವುದು ಒಂದು. ಉಳಿದ ಮೂರರ ಕಾಲಿನ ಗುರುತು ಇನ್ನೂ ನೆಲದ ಮೇಲಿದೆ. ಅಲ್ಲೇ ನಾವು ನಿಲ್ಲುವುದು.

ಜೂನ್ 23, ಭಾನುವಾರ

ಇವತ್ತು ಆ ಅನಾಮಧೇಯ ಪಿಸ್ತೂಲಿನ ತಪಾಸಣೆ. ಐದು ಹೊಡೆದರೆ ಎರಡು ಪೆಲೆಟ್ ಕಾರ್ಡನ್ನು ತೂತೇ ಮಾಡಲಿಲ್ಲ, ಗುಳಿ ಬೀಳಿಸಿ ಕೆಳಗೆ ಬಿದ್ದವು. ಗಾಳಿ ಎಲ್ಲೋ ಸೋರುತ್ತಿದೆ. ರಾಯರು ಟಿಶ್ಯೂ ಕಾಗದದ ಎಳೆಯೊಂದನ್ನು ಎಂಜಲಿನಲ್ಲಿ ಅಂಟಿಸಿ ನಳಿಗೆಯ ಕೀಲಿನ ಮೇಲಿಟ್ಟು ಹೊಡೆಯಲು ಹೇಳಿದರು. ಎಳೆ ಅಲುಗಲಿಲ್ಲ. "ಕೀಲು ಸರಿ ಇದೆ. ಒಳಗಡೆ ವಾಷರ್ ಹೋಗಿದೆ" ಅಂದರು. ಅಷ್ಟೇ. ಬಿಚ್ಚುವ ಮುಂಚೆಯೇ ಗೊತ್ತಾಯಿತು.

ರಾಯರು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದವರು. 1961ರಲ್ಲಿ ಶುರುವಾದ ಕಾರ್ಖಾನೆ, ಈಗ ಇಲ್ಲ. ಅಲ್ಲಿಂದ ಅವರು ತಂದುಕೊಂಡದ್ದು ಒಂದು ಅಭ್ಯಾಸ. ಉದ್ದ ನೋಟುಪುಸ್ತಕದಲ್ಲಿ ಮೂರು ಗೆರೆ ಎಳೆದು ದೋಷ, ಕಾರಣ, ಮಾಡಿದ್ದು ಎಂದು ಕಾಲಂ ಮಾಡುತ್ತಾರೆ. ನಮ್ಮ ಕೈಗೆ ಬಂದ ಪ್ರತಿ ಪಿಸ್ತೂಲಿಗೂ ಅದರಲ್ಲಿ ಒಂದು ಸಾಲು ಇದೆ. ಊಹೆ ಬರೆಯುವ ಹಾಗಿಲ್ಲ. ಬಿಚ್ಚಿ ಕಣ್ಣಾರೆ ನೋಡಿದ ಮೇಲೆಯೇ "ಕಾರಣ".

ಮೇಷ್ಟ್ರು ವೇಗ ಅಳೆಯುವ ಯಂತ್ರ ಕೊಳ್ಳಲು ಒಪ್ಪುವುದಿಲ್ಲ. ಫಿಸಿಕ್ಸ್ ಪಾಠ ಮಾಡಿದವರು, ತೊಲೆಯಿಂದ ಒಂದು ಮೀಟರ್ ದಾರದಲ್ಲಿ ಜೇಡಿಮಣ್ಣು ತುಂಬಿದ ಡಬ್ಬಿ ಇಳಿಬಿಟ್ಟಿದ್ದಾರೆ. ಮಣ್ಣೂ ಡಬ್ಬಿಯೂ ಸೇರಿ 200 ಗ್ರಾಂ. ಪೆಲೆಟ್ 0.53 ಗ್ರಾಂ. ಮಣ್ಣಿಗೆ ಪೆಲೆಟ್ ಕಚ್ಚಿಕೊಂಡಾಗ ಡಬ್ಬಿ ಹಿಂದಕ್ಕೆ ತೂಗುತ್ತದೆ, ತೂಗುವಾಗ ಹಗುರ ರಟ್ಟೊಂದನ್ನು ಸ್ಕೇಲಿನ ಮೇಲೆ ತಳ್ಳಿ ನಿಲ್ಲಿಸುತ್ತದೆ. ಇವತ್ತು ರಟ್ಟು ನಿಂತದ್ದು ಐದು ಸೆಂಟಿಮೀಟರಿಗೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 59 ಮೀಟರ್. ಪಿಸ್ತೂಲಿಗೆ ಇದು ಸೋತ ವೇಗ.

ಈ ತೂಗುವ ಲೆಕ್ಕವನ್ನು 1742ರಲ್ಲಿ ಪುಸ್ತಕದಲ್ಲಿ ಬರೆದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಆಮೇಲೆ ಕಂಪನಿ ಸರ್ಕಾರದ ಕೋಟೆ ಕಟ್ಟಿಸಲು ನಮ್ಮ ಕಡೆಗೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲೇ ತೀರಿಕೊಂಡ. ಇದನ್ನು ಹೇಳುವಾಗ ಮೇಷ್ಟ್ರ ದನಿ ಪ್ರತಿ ಸಲವೂ ಮೆತ್ತಗಾಗುತ್ತದೆ. ಇಷ್ಟು ಹತ್ತಿರ ಬಂದು ಹೋದ ಮನುಷ್ಯ ಎಂದು.

ಜೂನ್ 30, ಭಾನುವಾರ

ತಪ್ಪು ನನ್ನದು. ಹಿಂದಿನ ಪಿನ್ನು ತೆಗೆಯುವಾಗ ಸ್ಪ್ರಿಂಗು ಪೂರ್ತಿ ಸಡಿಲಾಗಿದೆ ಅಂದುಕೊಂಡೆ. ಕಾಕ್ ಮಾಡದಿದ್ದರೂ ಒಳಗೆ ಅದು ಒತ್ತಿಕೊಂಡೇ ಕೂತಿರುತ್ತದೆ, ನನಗೆ ಗೊತ್ತಿರುವ ವಿಷಯವೇ. ಕ್ಲ್ಯಾಂಪ್ ಬಿಗಿ ಮಾಡದೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಎರಡು ಏಟು ಹಾಕಿದೆ. ಹಿಂದಿನ ಬಿರಡೆ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು, ಗಾಜೆಲ್ಲ ಬೆಂಚಿನ ಮೇಲೆ. ನನ್ನ ಮುಖ ಒಂದು ಗೇಣು ಪಕ್ಕಕ್ಕಿತ್ತು.

ಯಾರೂ ಬೈಯಲಿಲ್ಲ. ರಾಯರು "ಇವತ್ತಿಗೆ ಸಾಕಮ್ಮ" ಎಂದು ಎಲ್ಲರ ಕೈಯಿಂದಲೂ ಹತ್ಯಾರು ಇಳಿಸಿದರು. ಪೊರಕೆ ನಾನೇ ಹಿಡಿದೆ. ಮನೆಗೆ ಬಂದು ಇವರಿಗೆ ಹೇಳಿದಾಗ ಮಾತ್ರ ಕೈ ನಡುಗಿತು.

ಜುಲೈ 3, ಬುಧವಾರ

ಬಿಚ್ಚಿದ ಪಿಸ್ಟನ್ನಿನ ತಲೆಯಲ್ಲಿದ್ದ ವಾಷರ್ ನನ್ನ ಮೇಜಿನ ಮೇಲಿದೆ. ಎಂಟಾಣೆಗಿಂತ ತುಸು ದೊಡ್ಡದು, ಬಟ್ಟಲಿನ ಆಕಾರ, ಚರ್ಮದ್ದು. ಒಣಗಿ ಕೊಬ್ಬರಿ ಚಿಪ್ಪಿನ ಹಾಗೆ ಗಟ್ಟಿಯಾಗಿದೆ. ಅಂಚಿನಲ್ಲಿ ಉಗುರು ಹೋಗುವಷ್ಟು ಸೀಳು.

ಇದನ್ನು ನಾನು ಮೊದಲು ನೋಡಿದ್ದು ಪಿಸ್ತೂಲಿನಲ್ಲಲ್ಲ. ಅಮ್ಮನ ಪಂಪ್ ಸ್ಟೌವಿನಲ್ಲಿ. ವಿಜಯನಗರದ ವಠಾರದ ಅಡುಗೆಮನೆಯಲ್ಲಿ ಸ್ಟೌವ್ ಗಾಳಿ ಹಿಡಿಯದಿದ್ದರೆ ಅಮ್ಮ ಪಂಪಿನ ಕಡ್ಡಿ ಹೊರಗೆಳೆದು, ತುದಿಯ ಚರ್ಮದ ವಾಷರನ್ನು ಹೆಬ್ಬೆರಳಿನಿಂದ ಅಗಲಿಸಿ, ಕೊಬ್ಬರಿ ಎಣ್ಣೆ ಸವರಿ ಮತ್ತೆ ತೂರಿಸುತ್ತಿದ್ದಳು. ನಾಲ್ಕು ಸಲ ಒತ್ತಿದರೆ ಭರ್ರೆಂದು ನೀಲಿ ಉರಿ. ಅಣ್ಣನ ಸೈಕಲ್ ಪಂಪಿನಲ್ಲೂ ಇದೇ ವಾಷರ್. ಗಾಳಿ ಒತ್ತಿದಷ್ಟೂ ಬಟ್ಟಲಿನ ಅಂಚು ಅಗಲವಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಭದ್ರ. ಇಷ್ಟು ಸರಳವಾಗಿ ಗಾಳಿ ಹಿಡಿದಿಡುವ ಉಪಾಯ ಬೇರೆ ನಾನು ಕಂಡಿಲ್ಲ. ಇವತ್ತು ಅಮ್ಮ ಇದ್ದಿದ್ದರೆ ಈ ಪಿಸ್ತೂಲನ್ನು ಒಂದೇ ನೋಟಕ್ಕೆ ಅರ್ಥ ಮಾಡಿಕೊಳ್ಳುತ್ತಿದ್ದಳು.

ಸಂಜೆ ಮಾಗಡಿ ರಸ್ತೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಚರ್ಮ ಕೇಳಿದೆ. ಎರಡು ತುಂಡು ತೆಗೆದು, ಅಂಚನ್ನು ಉಳಿಯಲ್ಲಿ ಸೀಳಿ ತೋರಿಸಿದರು. ಒಂದರ ಒಳಗೆ ಬೂದು ನೀಲಿ, ಇನ್ನೊಂದರ ಒಳಗೆ ಬೆಲ್ಲದ ಬಣ್ಣ. "ನೀಲಿ ಇರೋದು ಕ್ರೋಮು, ನೆನೆಸಿ ಮಡಿಸಿದ್ರೆ ಮತ್ತೆ ಎದ್ದು ನಿಲ್ಲುತ್ತೆ. ಇದು ತೊಗಟೆಯಲ್ಲಿ ಹದ ಮಾಡಿದ್ದು, ಹೇಳಿದ ಹಾಗೆ ಕೇಳುತ್ತೆ ಅಕ್ಕ." ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುವುದು ನಮ್ಮ ಸೀಮೆಯ ಹಳೇ ವಿದ್ಯೆ. ಬೆಲ್ಲದ ಬಣ್ಣದ್ದನ್ನೇ ತಂದೆ. ಮೂರು ಮಿಲಿಮೀಟರ್ ದಪ್ಪ.

ಜುಲೈ 14, ಭಾನುವಾರ

ವಾಷರ್ ಒತ್ತುವ ಡೈ ಮಾಡಿದ್ದು ಶೆಡ್ಡಿನ ಮಾಲೀಕರ ಮಗಳು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಸರ್ಕಾರಿ ಟೂಲ್ ರೂಮಿನಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಕಬ್ಬಿಣದ ಬಳೆ ಒಂದು, ಅದರೊಳಗೆ ಚರ್ಮದ ದಪ್ಪ ಬಿಟ್ಟು ಇಳಿಯುವ ಗುಂಡು ಒಂದು, ನಡುವೆ ಬೋಲ್ಟು. ಬಳೆಯ ಬಾಯನ್ನು ಅವಳು ಚೂಪಾಗಿ ಬಿಟ್ಟಿದ್ದಳು. ರಾಯರು ಬೆರಳಾಡಿಸಿ ನೋಡಿ ಏನೂ ಹೇಳದೆ ಅವಳ ಬೆರಳನ್ನೇ ತೆಗೆದುಕೊಂಡು ಆ ಅಂಚಿನ ಮೇಲೆ ಇಟ್ಟರು. "ಚರ್ಮ ಕತ್ತರಿಸುತ್ತೆ ಅಲ್ವಾ ತಾತ" ಎಂದು ಅವಳೇ ಮತ್ತೆ ಲೇತಿಗೆ ಕಟ್ಟಿ ಬಾಯಿ ಸವರಿದಳು.

ಬೆಚ್ಚನೆ ನೀರಿನಲ್ಲಿ ನೆನೆದ ಚರ್ಮವನ್ನು ಬೋಲ್ಟು ತಿರುಗಿಸುತ್ತ ಕಾಲು ಸುತ್ತಿನ ಹಾಗೆ ಒಳಗೆಳೆದದ್ದು ಕಳೆದ ಭಾನುವಾರ. ಒಂದು ವಾರ ನೆರಳಿನಲ್ಲಿ ಒಣಗಿತು. ಇವತ್ತು ಬಿಚ್ಚಿದಾಗ ಪುಟ್ಟ ಬಟ್ಟಲು ಹಾಗೇ ನಿಂತಿತ್ತು. ಅಂಚನ್ನು ಬ್ಲೇಡಿನಲ್ಲಿ ಸಮ ಮಾಡಿದೆವು.

ಎಣ್ಣೆಯ ಬಗ್ಗೆ ಚರ್ಚೆ ಆಯಿತು. ಅಮ್ಮನ ನೆನಪಿನಲ್ಲಿ ನಾನು ಕೊಬ್ಬರಿ ಎಣ್ಣೆ ಅಂದೆ. ರಾಯರು ಕಿಟಕಿಯಲ್ಲಿದ್ದ ಬಾಟಲಿ ತೋರಿಸಿದರು: ಬೆಳಗಿನ ಚಳಿಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ, ಬೆಂಗಳೂರಿನ ಆಷಾಢಕ್ಕೆ ಅಷ್ಟು ಸಾಕು. ಸ್ಟೌವಿನ ಪಕ್ಕ ಬಿಸಿ ಇತ್ತು, ಅಮ್ಮನಿಗೆ ನಡೆಯಿತು. ಹರಳೆಣ್ಣೆಯಲ್ಲಿ ಅದ್ದಿ, ಹಿಂಡಿ, ಬಟ್ಟೆಯಲ್ಲಿ ಒರೆಸಿ ಹಾಕಿದೆವು. ಎಣ್ಣೆ ಹೆಚ್ಚಾಗಿ ಉಳಿದರೆ ಒತ್ತಿದ ಗಾಳಿಯ ಶಾಖಕ್ಕೆ ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ. ಒರೆಸಿದ್ದರೂ ಮೊದಲ ನಾಲ್ಕು ಹೊಡೆತಕ್ಕೆ ನಳಿಗೆಯ ತುದಿಯಲ್ಲಿ ಸಣ್ಣ ಹೊಗೆ. ಇಪ್ಪತ್ತು ಹೊಡೆತ ಲೆಕ್ಕಕ್ಕಿಲ್ಲದೆ ಬಿಟ್ಟು, ಆಮೇಲೆ ಮೇಷ್ಟ್ರ ಡಬ್ಬಿಗೆ.

ರಟ್ಟು 8.4 ಸೆಂಟಿಮೀಟರಿಗೆ ಹೋಗಿ ನಿಂತಿತು. ಮತ್ತೊಮ್ಮೆ 8.4. ಮೂರನೆಯದು 8.3. ಸೆಕೆಂಡಿಗೆ 100 ಮೀಟರ್! ಶಕ್ತಿ ಎರಡೂವರೆ ಜೂಲ್ ಚಿಲ್ಲರೆ. ಹುಡುಗಿ ಚಪ್ಪಾಳೆ ತಟ್ಟಿದಳು. ಅದಕ್ಕಿಂತ ನನಗೆ ಹಿತವಾದದ್ದು ಸದ್ದು ಬದಲಾದದ್ದು. ಮೊದಲಿದ್ದ ಪುಸ್ ಹೋಗಿ ಒಂದೇ ತುಂಡಾದ ಟಪ್. ಪುಸ್ತಕದಲ್ಲಿ ಸಾಲು ತುಂಬಿಸಲು ಈ ಸಲ ರಾಯರು ಪೆನ್ನನ್ನು ಅವಳ ಕೈಗೆ ಕೊಟ್ಟರು.

ಜುಲೈ 21, ಭಾನುವಾರ

ನಮ್ಮ ಗುಂಪಿನ ಕೆಂಗೇರಿಯ ಡಾಕ್ಟ್ರು ತಮ್ಮ ವೆಬ್ಲಿ ಸೀನಿಯರ್ ತಂದಿದ್ದರು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ 1924ರಲ್ಲಿ ಮೊದಲ ಏರ್ ಪಿಸ್ತೂಲು ಮಾಡಿತು, ಸೀನಿಯರ್ ಬಂದದ್ದು 1930ರಲ್ಲಿ. ಅದರ ಚಾತುರ್ಯ ನೋಡಿದಷ್ಟೂ ಸಾಲದು. ನಳಿಗೆ ಸಿಲಿಂಡರಿನ ಬೆನ್ನ ಮೇಲೆ ಮಲಗಿದೆ, ಕೀಲು ಮುಂದಿನ ತುದಿಯಲ್ಲಿ. ಹಿಂಬದಿಯನ್ನು ಮೇಲಕ್ಕೆತ್ತಿ ಮುಂದಕ್ಕೆ ಚಾಚಿದರೆ ಪಿಸ್ಟನ್ ಮುಂದಕ್ಕೆ ಬರುತ್ತದೆ, ಟ್ರಿಗರ್ ಎಳೆದಾಗ ಹೊಡೆಯುವವರ ಕಡೆಗೇ ಹಿಂದಕ್ಕೆ ಓಡುತ್ತದೆ. ಗಾಳಿ ಹಿಂದೆ ತಿರುಗಿ, ಮೇಲೆ ಹತ್ತಿ, ನಳಿಗೆಯೊಳಗೆ ಮುಂದಕ್ಕೆ. ಹೀಗಾಗಿ ಪುಟ್ಟ ಪಿಸ್ತೂಲಿನಲ್ಲಿ ಉದ್ದ ನಳಿಗೆ.

ಮೇಷ್ಟ್ರದು ಫೈನ್‌ವೆರ್ಕ್‌ಬೌ 65. 1965ರಲ್ಲಿ ಹುಟ್ಟಿದ ಮಾದರಿ. ಪಕ್ಕದ ಉದ್ದ ಲಿವರ್ ಎಳೆದು ಕಾಕ್ ಮಾಡಬೇಕು. ಹೊಡೆದಾಗ ನಳಿಗೆ, ಸಿಲಿಂಡರ್ ಎಲ್ಲ ಒಟ್ಟಾಗಿ ಹಳಿಯ ಮೇಲಿನ ಹಾಗೆ ಹಿಂದೆ ಜಾರುತ್ತವೆ, ಕೈಗೆ ಅದುರು ತಲುಪುವುದಿಲ್ಲ. ಟ್ರಿಗರ್ ಪಕ್ಕ ಒಂದು ಪುಟ್ಟ ಲಿವರ್: ಒಂದು ಕಡೆಗೆ 500 ಗ್ರಾಂ ಎಳೆತ, ಇನ್ನೊಂದು ಕಡೆಗೆ 1360. ಮೇಷ್ಟ್ರು ಅದನ್ನು ಬಿಚ್ಚುವುದಿರಲಿ, ಒರೆಸಲೂ ಬೇರೆಯವರಿಗೆ ಕೊಡುವುದಿಲ್ಲ. ಹೊಡೆಯಲು ಮಾತ್ರ ಎಲ್ಲರಿಗೂ ಕೊಡುತ್ತಾರೆ.

ರಾಯರಿಗೂ ಕೊಟ್ಟರು. ಅವರು ಒಂದೇ ಹೊಡೆದು ಕೆಳಗಿಟ್ಟರು. "ಕಣ್ಣು ಬೇಡ ಅನ್ನುತ್ತೆ" ಅಂದರು. ಮಾರ್ಚಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಭಾನುವಾರ ಬರುವುದು ರಿಪೇರಿಗೆ ಮಾತ್ರ. ಅಂದಿನಿಂದ ಅವರ ಕಾರ್ಡು ಒಂದೂ ಗೋಡೆಗೆ ಏರಿಲ್ಲ. ನಾನೂ ಕೇಳಿರಲಿಲ್ಲ. ಕೇಳಬೇಕಿತ್ತು.

ಜುಲೈ 28, ಭಾನುವಾರ

ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಶೆಡ್ಡಿನಲ್ಲೇ ಒಂದು ಫೋನಿನ ಸುತ್ತ ಕೂತೆವು. ಪ್ಯಾರಿಸ್ ಒಲಿಂಪಿಕ್ಸ್, ಮಹಿಳೆಯರ ಹತ್ತು ಮೀಟರ್ ಏರ್ ಪಿಸ್ತೂಲ್ ಫೈನಲ್. ಮನು ಭಾಕರ್ 221.7, ಕಂಚು. ಟೋಕಿಯೋದಲ್ಲಿ ಈ ಹುಡುಗಿಯ ಪಿಸ್ತೂಲು ಸ್ಪರ್ಧೆಯ ಮಧ್ಯೆ ಕೆಟ್ಟು, ನಿಮಿಷಗಳು ಕಳೆದು, ಫೈನಲ್ ತಪ್ಪಿತ್ತು. ಕೆಟ್ಟ ಪಿಸ್ತೂಲು ಎದುರಿಗಿಟ್ಟುಕೊಂಡು ಗಡಿಯಾರ ನೋಡುವುದು ಎಂಥ ಸಂಕಟ ಎಂದು ಈ ಶೆಡ್ಡಿನಲ್ಲಿ ಕೂತವರಿಗೆ ಯಾರೂ ಹೇಳಬೇಕಿಲ್ಲ. ನನ್ನ ಕಣ್ಣು ತುಂಬಿತು.

ಡಾಕ್ಟ್ರು ನಮ್ಮೂರಿನ ಪ್ರಕಾಶ್ ನಂಜಪ್ಪ ಅವರನ್ನು ನೆನೆದರು. 2013ರಲ್ಲಿ ಸ್ಪೇನಿನ ಗ್ರನಡಾದಲ್ಲಿದ್ದಾಗ ಮುಖದ ಒಂದು ಭಾಗ ಸ್ವಾಧೀನ ತಪ್ಪಿತ್ತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ 50 ಮೀಟರ್ ಪಿಸ್ತೂಲಿನ ಬೆಳ್ಳಿ. ಶೆಡ್ಡಿನ ಹುಡುಗಿ ದಿವ್ಯಾ ಟಿ.ಎಸ್. ಅವರ ಹೆಸರು ಹೇಳಿದಳು. ಬೆಂಗಳೂರಿನವರೇ, ಕಳೆದ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏರ್ ಪಿಸ್ತೂಲಿನಲ್ಲಿ ಎರಡು ಬೆಳ್ಳಿ. ಅವಳ ಪೆಟ್ಟಿಗೆಯ ಮುಚ್ಚಳದ ಒಳಗೆ ಅವರ ಚಿತ್ರ ಅಂಟಿಸಿದ್ದಾಳೆ.

ರಾಯರು ಎಲ್ಲ ಕೇಳಿಸಿಕೊಂಡರು. ಪೊರೆಯ ಮಾತು ಅವರೂ ಎತ್ತಲಿಲ್ಲ, ಡಾಕ್ಟ್ರೂ ಎತ್ತಲಿಲ್ಲ.

ಆಗಸ್ಟ್ 1, ಗುರುವಾರ

ಆಫೀಸಿನಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಚಿತ್ರ. ಟರ್ಕಿಯ ಯೂಸುಫ್ ದಿಕೆಚ್, ಐವತ್ತೊಂದು ವರ್ಷ, ಒಂದು ಕೈ ಜೇಬಿನಲ್ಲಿ, ಮಾಮೂಲು ಕನ್ನಡಕ, ಮೊನ್ನೆ ಏರ್ ಪಿಸ್ತೂಲಿನ ಮಿಶ್ರ ತಂಡದಲ್ಲಿ ಬೆಳ್ಳಿ. ಅದೇ ದಿನ ಅದೇ ಸ್ಪರ್ಧೆಯಲ್ಲಿ ಮನು ಮತ್ತು ಸರಬ್‌ಜೋತ್ ಸಿಂಗ್ ಕೊರಿಯಾವನ್ನು 16–10ರಿಂದ ಗೆದ್ದು ಕಂಚು ತಂದದ್ದು. ಎಲ್ಲರೂ ದಿಕೆಚ್‌ನ ಜೇಬನ್ನು ನೋಡುತ್ತಿದ್ದರು. ಜೇಬಿನಲ್ಲಿ ವಿಶೇಷವೇನಿಲ್ಲ, ಸುಮ್ಮನಿರುವ ಕೈ ಮೈಯನ್ನು ಅಲುಗಿಸಬಾರದು ಎಂದು ಎಲ್ಲ ಪಿಸ್ತೂಲಿನವರೂ ಅದನ್ನು ಎಲ್ಲಾದರೂ ಸಿಕ್ಕಿಸುತ್ತಾರೆ. ನನ್ನ ಕಣ್ಣು ನಿಂತದ್ದು ಕನ್ನಡಕದ ಮೇಲೆ.

ರಾತ್ರಿ ಒಂಬತ್ತಕ್ಕೆ ರಾಯರಿಗೆ ಫೋನು ಮಾಡಿದೆ. "ರಾಯರೇ, ಕಣ್ಣು ಬೇಡ ಅನ್ನುತ್ತೆ ಅಂದ್ರಲ್ಲ, ಮಸುಕಾಗೋದು ಯಾವುದು, ಕಾರ್ಡೋ ಫ್ರಂಟ್ ಸೈಟೋ?"

ತುಸು ಹೊತ್ತು ಮಾತಿಲ್ಲ. "ಕಾರ್ಡು ಕನ್ನಡಿ ಹಾಗೆ ಕಾಣುತ್ತಮ್ಮ. ಸೈಟೇ ಇಲ್ಲ."

ಪೊರೆ ತೆಗೆದು ಹಾಕಿದ ಹೊಸ ಮಸೂರ ದೂರಕ್ಕೆ ಹೊಂದಿಸಿದ್ದು. ಹತ್ತಿರಕ್ಕೆ ಓದುವ ಕನ್ನಡಕ ಕೊಟ್ಟಿದ್ದಾರೆ. ಚಾಚಿದ ಕೈಯ ತುದಿ ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಪಿಸ್ತೂಲಿನಲ್ಲಿ ಕಣ್ಣು ನೆಡಬೇಕಾದದ್ದು ಅಲ್ಲಿಯೇ. ಫ್ರಂಟ್ ಸೈಟು ಕಡ್ಡಿ ಗೀಚಿದ ಹಾಗೆ ಕಾಣಬೇಕು, ಕಾರ್ಡಿನ ಕಪ್ಪು ಹಿಂದೆ ಮಂಜಾಗಿದ್ದರೂ ಸರಿ. ನನಗೆ ಇದನ್ನು ಕಲಿಸಿದವರೇ ಅವರು.

ಆಗಸ್ಟ್ 10, ಶನಿವಾರ

ಎರಡನೇ ಶನಿವಾರ, ರಜೆ. ಶೆಡ್ಡಿನಲ್ಲಿ ರಾಯರನ್ನು ನಿಲ್ಲಿಸಿ, ಖಾಲಿ ಪಿಸ್ತೂಲು ಹಿಡಿಸಿ, ಕಣ್ಣಿನಿಂದ ಫ್ರಂಟ್ ಸೈಟಿಗೆ ಟೇಪು ಹಿಡಿದೆ. 85 ಸೆಂಟಿಮೀಟರ್. ಕನ್ನಡಕದ ಅಂಗಡಿಗೆ ಪಿಸ್ತೂಲು ಒಯ್ಯುವುದು ಸಲ್ಲ. ಬಿದಿರು ಕೋಲೊಂದನ್ನು ಅಷ್ಟೇ ಉದ್ದಕ್ಕೆ ಕೊಯ್ದು, ತುದಿಗೆ ಫ್ರಂಟ್ ಸೈಟಿನ ಅಗಲದ ಕಪ್ಪು ರಟ್ಟು ಸಿಕ್ಕಿಸಿದೆ.

ನವರಂಗ್ ಥಿಯೇಟರ್ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಗೆ ವಿಷಯ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಟ್ರಯಲ್ ಫ್ರೇಮ್ ಹಾಕಿ, ರಾಯರ ಕೆನ್ನೆಗೆ ಕೋಲಿನ ಬುಡ ಆನಿಸಿ ಚಾಚಿಸಿ, ಒಂದೊಂದೇ ಗಾಜು ಬದಲಿಸಿದಳು. ಪ್ಲಸ್ 1.25 ಹಾಕಿದಾಗ ರಟ್ಟು ಕರ್ರಗೆ ಚೂಪಾಯಿತು, ಆದರೆ ಎದುರು ಗೋಡೆಯ ಅಕ್ಷರಗಳೇ ಕರಗಿಹೋದವು. 0.50ಕ್ಕೆ ಗೋಡೆ ಬಂತು, ರಟ್ಟಿನ ಅಂಚು ಕದಡಿತು. 0.75ಕ್ಕೆ ರಾಯರು ಮಾತು ನಿಲ್ಲಿಸಿದರು. ಕೋಲು ಇಳಿಸಲೇ ಇಲ್ಲ. "ತಾತ, ಕೈ ನೋಯಲ್ವಾ?" ಎಂದು ಅವಳು ಕೇಳಿದಳು.

"ಇಲ್ಲಮ್ಮ. ಇನ್ನೊಂದು ಚೂರು ನೋಡ್ತೀನಿ."

ಎಪ್ಪತ್ತಾರು ವರ್ಷದ ಕೈ. ಕೋಲಿನ ತುದಿಯ ರಟ್ಟು ಅಲುಗಲಿಲ್ಲ.

ಆಗಸ್ಟ್ 18, ಭಾನುವಾರ

ವರಮಹಾಲಕ್ಷ್ಮಿ ಹಬ್ಬದ ಒಬ್ಬಟ್ಟು ಶೆಡ್ಡಿಗೂ ಒಯ್ದಿದ್ದೆ. ಕನ್ನಡಕ ನಿನ್ನೆ ಬಂದಿದೆ.

ಮೇಷ್ಟ್ರು ಫೈನ್‌ವೆರ್ಕ್‌ಬೌ ಪೆಟ್ಟಿಗೆ ತೆಗೆದರು. ರಾಯರು ತಲೆಯಾಡಿಸಿ, ಬೆಂಚಿನ ಮೇಲಿದ್ದ ಹೆಸರಿಲ್ಲದ್ದನ್ನೇ ಎತ್ತಿಕೊಂಡರು. ಹದಿನೇಳು ಸೆಂಟಿಮೀಟರಿನ ಹೊಸ ಕಾರ್ಡು. ನಡುವಿನ ಹತ್ತರ ವೃತ್ತ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ನಾವು ಯಾರೂ ಅವರ ಹಿಂದೆ ನಿಲ್ಲಲಿಲ್ಲ. ಹುಡುಗಿ ಲೇತಿನ ಹತ್ತಿರ ಏನೋ ಒರೆಸುತ್ತ ನಿಂತಳು, ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಮೊದಲನೆಯದು ಆರು, ಕೆಳಗೆ ಎಡಕ್ಕೆ. ಎರಡನೆಯದೂ ಆರು. ಅಭ್ಯಾಸ ತಪ್ಪಿದ ಬೆರಳು ಟ್ರಿಗರನ್ನು ಕೀಳುತ್ತಿದೆ ಎಂದು ಅವರಿಗೇ ಗೊತ್ತಾಯಿತು. ಪಿಸ್ತೂಲು ಇಳಿಸಿ ಒಂದು ನಿಮಿಷ ನಿಂತರು. ಆಮೇಲೆ ಏಳು, ಎಂಟು, ಎಂಟು, ಒಂಬತ್ತು. ಏಳನೆಯದಕ್ಕೆ ಕೈ ಎತ್ತಿ, ಹೊಡೆಯದೆ, ಮತ್ತೆ ಇಳಿಸಿದರು. ಮನಸ್ಸಿಗೆ ಬಾರದ ಹೊಡೆತವನ್ನು ಹೊಡೆಯದೆ ಬಿಡುವುದು ಎಲ್ಲರಿಗೂ ಬರುವುದಿಲ್ಲ. ಕೊನೆಗೆ ಎಂಟು, ಒಂಬತ್ತು, ಒಂಬತ್ತು, ಒಂಬತ್ತು. ಒಟ್ಟು 79.

ಕಾರ್ಡು ಬಿಚ್ಚಿ ತಂದು ಬೆಂಚಿನ ಮೇಲಿಟ್ಟು, ಕೊನೆಯ ಮೂರು ತೂತುಗಳ ನಡುವೆ ವರ್ನಿಯರ್ ಹಿಡಿದರು. ಓದಿದ ಅಳತೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ನೋಟುಪುಸ್ತಕ ಕೇಳಿದರು. ಹುಡುಗಿ ಬರೆದಿದ್ದ ಸಾಲಿನ ಕೆಳಗೆ, ತಮ್ಮ ಟೂಲ್‌ರೂಮಿನ ನೆಟ್ಟಗಿನ ಅಕ್ಷರದಲ್ಲಿ ಬರೆದರು:

ದೋಷ: ಫ್ರಂಟ್ ಸೈಟ್ ಕಾಣದು. ಕಾರಣ: ಮಸೂರ ದೂರದ್ದು. ಮಾಡಿದ್ದು: ಪ್ಲಸ್ 0.75.

ತಾರೀಖು ಹಾಕಿ ಪುಸ್ತಕ ನನ್ನ ಕಡೆ ತಳ್ಳಿದರು. ಕಾರ್ಡನ್ನು ಮೇಷ್ಟ್ರು ಗೋಡೆಗೆ ಹೊಡೆದರು. ಪೆಲೆಟ್ ಟ್ರ್ಯಾಪಿನಲ್ಲಿ ಸೀಸ ತುಂಬಿದೆ, ಮುಂದಿನ ವಾರ ಅದನ್ನು ತೆಗೆದು ಪುಟ್ಟಿ ಬದಲಿಸಬೇಕು.